ಮಲ್ಲಿಕಾಂಬ ಮತ್ತೆ ಪರೀಕ್ಷೆಗೆ ಕೂತದ್ದು

ಪಿ.ಯು.ಸಿ. ಪರೀಕ್ಷೆಯಲ್ಲಿ ಮಲ್ಲಿಕಾಂಬ ಫೇಲಾದ ಸುದ್ದಿ ಅಜ್ಜಂಪುರದ ಮನೆಗೆ ಬಂದ ದಿನ ಯಾರೂ ಅವಳನ್ನು ಬೈಯಲಿಲ್ಲ.

ಬೈದಿದ್ದರೆ ಮನಸ್ಸು ಬಿಚ್ಚಿ ಅತ್ತು ಹಗುರಾಗುತ್ತಿದ್ದಳು. ಪೇಟೆಯಲ್ಲಿ ಮೆಣಸಿನಕಾಯಿ ವ್ಯಾಪಾರದ ಅಂಗಡಿ ಇಟ್ಟಿದ್ದ ಅಪ್ಪ ಶಿವಮೂರ್ತಪ್ಪ, ಪೇಪರನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಮಧ್ಯಾಹ್ನ ಮನೆಗೆ ಬಂದ. ಚಪ್ಪಲಿ ಬಿಡುತ್ತಲೇ, "ನಂಬರ್ ಇಲ್ಲ ಕಣವ್ವಾ," ಎಂದ. ಮಲ್ಲಿಕಾಂಬ ಹಜಾರದ ಕಂಬ ಹಿಡಿದು ನಿಂತುಬಿಟ್ಟಳು.

"ಹೋಗ್ಲಿ ಬಿಡು, ಅದಕ್ಯಾಕೆ ಮುಖ ಸಣ್ಣ ಮಾಡ್ಕೊಂತೀಯ? ಕೈಕಾಲು ತೊಳ್ಕೊಂಡು ಬತ್ತೀನಿ, ತಟ್ಟೆ ಹಾಕು."

ಅವ್ವ ಕರಿಬಸಮ್ಮ ಹಿಟ್ಟು ಮೆತ್ತಿದ ಕೈಯಲ್ಲೇ ಅಡಿಗೆಮನೆಯಿಂದ ಹೊರಗೆ ಬಂದಳು. "ಫೇಲಾ?" ಎಂದು ಕೇಳಿದಳು. ಹೊರಗೆ ಮಳೆ ಬಂತಾ ಎಂದು ಕೇಳುವಂಥ ದನಿ. ಹೌದೆಂದು ತಿಳಿದ ಮೇಲೆ, "ಓದಿದಷ್ಟು ಆಯ್ತು," ಎಂದು ಮತ್ತೆ ಒಳಗೆ ಹೋದಳು. ಮೂಲೆಯಲ್ಲಿ ಎಲೆಅಡಿಕೆ ಕುಟ್ಟುತ್ತಿದ್ದ ಅಜ್ಜಿ ಗುರುಶಾಂತಮ್ಮ, "ಅಳಬ್ಯಾಡ ಕಣೇ, ಕಣ್ಣು ಬಾತ್ಕೊಂತವೆ," ಎಂದಳು. ಅಲ್ಲಿಗೆ ಮುಗಿಯಿತು.

ಮೂರು ವರ್ಷದ ಹಿಂದೆ ಇದೇ ಪರೀಕ್ಷೆಯಲ್ಲಿ ಅಣ್ಣ ತೀರ್ಥಪ್ಪ ಫೇಲಾದಾಗ ಈ ಮನೆ ಹೇಗಿತ್ತು ಎಂಬುದು ಮಲ್ಲಿಕಾಂಬಳಿಗೆ ಚೆನ್ನಾಗಿ ನೆನಪಿತ್ತು. ಅಪ್ಪ ಅಂಗಡಿಯ ಬಾಗಿಲು ಎಳೆದು ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಅವ್ವ ಎದೆ ಎದೆ ಬಡಿದುಕೊಂಡಿದ್ದಳು. ಅಜ್ಜಿ ಮಠಕ್ಕೆ ಹೋಗಿ ಸ್ವಾಮಿಗಳ ಪಾದಕ್ಕೆ ಬಿದ್ದು ಬಂದಿದ್ದಳು. ವಾರಗಟ್ಟಲೆ ಎಲ್ಲರೂ ಸೇರಿ ಅವನನ್ನು ಬೈದರು. ಬೈದು ಬೈದು ಸುಸ್ತಾದ ಮೇಲೆ ಬೀದಿಯ ಕಡೆಯ ಕೋಣೆ ಖಾಲಿ ಮಾಡಿಸಿ ಅವನಿಗೆ ಕೊಟ್ಟರು, ಬಾದಾಮಿ ಅರೆದು ಹಾಲಿಗೆ ಹಾಕಿ ಕುಡಿಸಿದರು. ಅವನು ಎರಡನೆಯ ಸಲ ಪಾಸಾಗಿ ಈಗ ಶಿವಮೊಗ್ಗದಲ್ಲಿ ಬಿ.ಕಾಂ. ಓದುತ್ತಿದ್ದ.

ತನಗೆ ಮಾತ್ರ ಯಾಕೆ ಇಷ್ಟು ಸಮಾಧಾನ ಎಂಬುದು ಮಲ್ಲಿಕಾಂಬಳಿಗೆ ಊಟದ ಹೊತ್ತಿಗೆ ಗೊತ್ತಾಯಿತು.

"ಇನ್ನ ತರೀಕೆರೆ ಷಣ್ಮುಖಪ್ಪನೋರಿಗೆ ಹೇಳಿ ಕಳಿಸ್ಬೋದಲ್ರೀ?" ಕರಿಬಸಮ್ಮ ಸಾರು ಬಡಿಸುತ್ತ ಗಂಡನನ್ನು ಕೇಳಿದಳು.

"ನಾನೂ ಅದೇ ಅನ್ಕೊಂಡೆ. ಈಗ ಆ ತೊಡಕೂ ಇಲ್ಲ."

ತರೀಕೆರೆಯಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ ಷಣ್ಮುಖಪ್ಪನವರು ಬೇಸಗೆಯ ಮೊದಲೇ ತಮ್ಮನ ಮಗನಿಗೆ ಮಲ್ಲಿಕಾಂಬಳನ್ನು ಕೇಳಿದ್ದರು. ಆ ಹುಡುಗ ಎಸ್ಸೆಸ್ಸೆಲ್ಸಿ ಎರಡು ಸಲ ಕಟ್ಟಿ, ಆಗದೆ ಗಿರಣಿಗೆ ಬಂದು ಕೂತಿದ್ದ. ಹೆಣ್ಣು ಪಿ.ಯು.ಸಿ. ಪಾಸಾದರೆ ಮುಂದೆ ಗಂಡಹೆಂಡಿರ ನಡುವೆ ಮಾತಿಗೆ ಮಾತು ಬೆಳೆಯುತ್ತದೆ ಎಂದು ಅವರ ಮನೆಯ ಹೆಂಗಸರು ಹಿಂಜರಿದಿದ್ದರು. ಅವಳು ಫೇಲಾಗಿದ್ದರಿಂದ ಎಲ್ಲರ ಕಷ್ಟವೂ ಒಂದೇ ಏಟಿಗೆ ತೀರಿತ್ತು.

ಮಲ್ಲಿಕಾಂಬ ರೊಟ್ಟಿಯ ಬುಟ್ಟಿಯನ್ನು ಕೆಳಗಿಟ್ಟಳು. "ನಾನು ಸೆಪ್ಟೆಂಬರಿಗೆ ಮತ್ತೆ ಕಟ್ತೀನಿ."

"ಕಟ್ಟಿ?" ಎಂದಳು ಕರಿಬಸಮ್ಮ.

"ಪಾಸಾಗ್ತೀನಿ."

"ಪಾಸಾಗಿ?"

ಮಲ್ಲಿಕಾಂಬಳಿಗೆ ಸಿಟ್ಟಿನಲ್ಲಿ ಬೇರೆಯೇ ಮಾತು ಬಾಯಿಗೆ ಬಂತು. "ಅಣ್ಣ ಫೇಲಾದಾಗ ಎಲ್ರೂ ಬೈದ್ರಿ, ಅತ್ರಿ. ನನ್ನನ್ಯಾಕೆ ಯಾರೂ ಬೈಯಲ್ಲ?"

ಶಿವಮೂರ್ತಪ್ಪ ತುತ್ತು ಬಾಯಿಗಿಟ್ಟವನು ನಕ್ಕುಬಿಟ್ಟ. "ಕೇಳಿದ್ಯೇನವ್ವಾ?" ಎಂದು ತಾಯಿಯ ಕಡೆ ತಿರುಗಿದ. "ನಿನ್ನ ಮೊಮ್ಮಗಳಿಗೆ ಬೈಸ್ಕೊಳ್ಳೋ ಆಸೆ ಅಂತೆ!" ಅಜ್ಜಿಯೂ ನಕ್ಕಳು. ಮಲ್ಲಿಕಾಂಬ ಊಟ ಮಾಡದೆ ಎದ್ದು ಹೋದಳು. "ಹಸಿವಾದ್ರೆ ತಾನೇ ಬತ್ತಾಳೆ ಬಿಡ್ರಿ," ಎಂದಳು ಕರಿಬಸಮ್ಮ.

ಮುಂದಿನ ವಾರ ತೀರ್ಥಪ್ಪ ಶಿವಮೊಗ್ಗದಿಂದ ಬಂದ. ಅವಳು ಓದಿದ ಅಲ್ಲಿನ ಕಾಲೇಜಿಗೆ ಹೋಗಿ ತಂಗಿಯ ಅಂಕಗಳನ್ನು ವಿಚಾರಿಸಿಕೊಂಡು ಬಂದಿದ್ದ. ಭಾಷೆ ಎರಡೂ ಆಗಿದ್ದವು, ಗಣಿತ ಆಗಿತ್ತು, ಫಿಸಿಕ್ಸ್ ಹೇಗೋ ದಾಟಿತ್ತು. ಹೋಗಿದ್ದು ಕೆಮಿಸ್ಟ್ರಿ ಒಂದೇ.

"ಒಂದೇನಾ?" ಎಂದಳು ಮಲ್ಲಿಕಾಂಬ. ಹಿತ್ತಿಲಲ್ಲಿ ಅವನು ಮುಖ ತೊಳೆಯಲು ಚೊಂಬಿನಿಂದ ನೀರು ಹಾಕುತ್ತಿದ್ದಳು.

"ಒಂದೇ. ನಂದು ಮೂರು ಹೋಗಿದ್ವು, ಗೊತ್ತಾ? ಮನೇಲಿ ಎರಡು ಅಂತ ಹೇಳಿದ್ದೆ." ತೀರ್ಥಪ್ಪ ಟವಲಿನಲ್ಲಿ ಮುಖ ಒರೆಸಿಕೊಂಡ. "ಈಗಲೇ ಪುಸ್ತಕ ಮುಟ್ಬೇಡ. ಒಂದು ವಾರ ಸುಮ್ನೆ ಇರು. ಮುಟ್ಟಿದ್ರೆ ಬರೀ ಅಳು ಬರುತ್ತೆ, ಏನೂ ತಲೆಗೆ ಹೋಗಲ್ಲ."

"ಒಂದು ವಾರದಲ್ಲಿ ತರೀಕೆರೆಯೋರು ಬಂದ್ಬಿಡ್ತಾರೆ."

"ಬರ್ಲಿ. ಉಪ್ಪಿಟ್ಟು ತಿಂದು ಹೋಗ್ತಾರೆ," ಎಂದ ಅವನು. ಅಣ್ಣನಿಗೆ ಯಾವುದೂ ದೊಡ್ಡದಲ್ಲ. ಆದರೂ ಆ ಮನೆಯಲ್ಲಿ ಅವಳ ಫೇಲನ್ನು ಫೇಲು ಎಂದು ಲೆಕ್ಕಕ್ಕೆ ಹಿಡಿದು ಮಾತಾಡಿದವನು ಅವನೊಬ್ಬನೇ. ಮಲ್ಲಿಕಾಂಬಳಿಗೆ ಅಂದು ಊಟ ರುಚಿಸಿತು.

ತರೀಕೆರೆಯವರು ಬಂದದ್ದು ಜೂನ್ ತಿಂಗಳ ಒಂದು ಸೋಮವಾರ. ಷಣ್ಮುಖಪ್ಪನವರು, ಅವರ ಹೆಂಡತಿ, ಹುಡುಗ. ಹುಡುಗ ಒಳ್ಳೆಯವನ ಹಾಗೇ ಕಂಡ. ಚಾಪೆಯ ಅಂಚನ್ನು ಉಗುರಿನಿಂದ ಕೆರೆಯುತ್ತ ಕೂತಿದ್ದ. ಮಲ್ಲಿಕಾಂಬ ಉಪ್ಪಿಟ್ಟು, ಬಾಳೆಹಣ್ಣು ಇಟ್ಟು, ಕಾಫಿ ಕೊಟ್ಟು, ಅವ್ವನ ಪಕ್ಕ ಬಾಗಿಲ ಹತ್ತಿರ ನಿಂತಳು.

ಷಣ್ಮುಖಪ್ಪನವರು ದೊಡ್ಡ ಬಾಯಿಯ ಮನುಷ್ಯ, ಮನಸ್ಸಿನಲ್ಲಿ ಕೆಟ್ಟದ್ದಿಲ್ಲ. ಕಾಫಿಯ ಲೋಟ ಕೈಗೆ ತೆಗೆದುಕೊಂಡು, "ನಮ್ಮ ಹುಡುಗ ಎರಡು ಸಲ, ನಿಮ್ಮ ಹುಡುಗಿ ಒಂದು ಸಲ. ಜೋಡಿ ಸರಿಹೋಯ್ತು ಬಿಡ್ರಿ!" ಎಂದು ನಕ್ಕರು. ಅವರ ಹೆಂಡತಿ ನಕ್ಕಳು. ಅಜ್ಜಿ ನಕ್ಕಳು. ಶಿವಮೂರ್ತಪ್ಪನೂ ನಗಲು ಬಾಯಿ ತೆರೆದ.

"ಫೇಲಾಗಿದ್ದೇ ಒಳ್ಳೇದಾಯ್ತು ಕಣ್ರೀ," ಷಣ್ಮುಖಪ್ಪನವರು ಮುಂದುವರಿಸಿದರು. "ಸೈನ್ಸು ಗೀನ್ಸು ಹೆಣ್ಣುಮಕ್ಕಳ ತಲೆಗೆ ಎಲ್ಲಿ ಹತ್ತುತ್ತೆ? ನೀವೂ ಸುಮ್ನೆ ಕಳಿಸಿದ್ರಿ."

ಶಿವಮೂರ್ತಪ್ಪನ ಬಾಯಿ ತೆರೆದದ್ದು ಹಾಗೇ ಮುಚ್ಚಿಕೊಂಡಿತು. ಒಳ್ಳೆಯದಾಯಿತು ಎಂದು ಎರಡು ವಾರದಿಂದ ಅವನೇ ಮನೆಯಲ್ಲಿ ಹೇಳಿಕೊಂಡು ತಿರುಗಿದ್ದ. ಅದೇ ಮಾತು ಇನ್ನೊಬ್ಬರ ಬಾಯಿಂದ, ತನ್ನದೇ ಹಜಾರದಲ್ಲಿ, ತನ್ನದೇ ಕಾಫಿ ಕುಡಿಯುತ್ತ ಬಂದಾಗ ಅವನ ಕಿವಿ ಕೆಂಪಾಯಿತು.

"ನಮ್ಮ ಹುಡುಗಿ ತಲೆಗೆ ಏನಾಗೈತ್ರಿ?" ಎಂದ.

"ಅಲ್ಲ, ನಾನು ಹೇಳಿದ್ದು..."

"ಎಲ್ಲಾ ಪಾಸಾಗವ್ಳೆ. ಹೋಗಿರೋದು ಒಂದು. ಅದನ್ನೂ ಸೆಪ್ಟೆಂಬರಿಗೆ ಕಟ್ತಾಳೆ."

ಕರಿಬಸಮ್ಮ ಮಗಳ ರಟ್ಟೆಯನ್ನು ಬಿಗಿಯಾಗಿ ಹಿಡಿದುಕೊಂಡಳು, ತಾನೇ ಬಿದ್ದುಬಿಡುತ್ತೇನೇನೋ ಎಂಬಂತೆ. ಕೊನೆಗೆ ಷಣ್ಮುಖಪ್ಪನವರು ಲೋಟ ಕೆಳಗಿಟ್ಟು, "ಹಾಗಾದ್ರೆ ಪರೀಕ್ಷೆ ಮುಗೀಲಿ, ಆಮೇಲೆ ಮಾತಾಡೋಣ," ಎಂದು ಎದ್ದರು. ಹುಡುಗ ಮೊದಲನೆಯ ಸಲ ತಲೆ ಎತ್ತಿ ಮಲ್ಲಿಕಾಂಬಳ ಕಡೆ ನೋಡಿದ. ಅವನ ಮುಖದಲ್ಲೂ ಒಂದು ಬಗೆಯ ಬಿಡುಗಡೆ ಇತ್ತು.

ಅವರು ಬೀದಿಯ ತಿರುವು ದಾಟುವ ತನಕ ಕರಿಬಸಮ್ಮ ಕಾದಳು.

"ಯಾರು ಹೇಳಿದ್ರೀ ನಿಮಗೆ ಅವಳು ಕಟ್ತಾಳೆ ಅಂತ?"

"ಅವಳೇ ಹೇಳಿದ್ಲಲ್ಲ."

"ಅವತ್ತು ಹೇಳ್ದಾಗ ನಕ್ಕಿರಲ್ಲ?"

"ನಾನು ನಗ್ಬೋದು. ಆತ ಯಾರು ನಗಾಕೆ?"

"ಮನೆಗೆ ಬಂದ ಒಳ್ಳೇ ಸಂಬಂಧ ಕೈಯಾರೆ ಕಳಕೊಂಡ್ರಿ! ಅತ್ತೇ, ನೀವಾದ್ರೂ ಒಂದು ಮಾತು ಹೇಳಿ."

"ನಾನೇನು ಹೇಳ್ಲಿ? ಆಡಿದ್ದು ಆಡಿಬಿಟ್ಟ," ಎಂದಳು ಗುರುಶಾಂತಮ್ಮ.

ಹೆಂಡತಿಗೆ ಎದುರಾಡಿ ಉಳಿದ ಸಿಟ್ಟನ್ನೆಲ್ಲ ಶಿವಮೂರ್ತಪ್ಪ ಮಗಳ ಮೇಲೆ ಸುರಿದ. "ನೀನೇನೇ ನಿಂತ್ಕೊಂಡು ನೋಡ್ತಾ ಇದೀಯ? ಶಿವಮೊಗ್ಗದಲ್ಲಿ ಚಿಕ್ಕಮ್ಮನ ಮನೇಲಿ ಬಿಟ್ಟು ಓದಿಸಿದ್ದು ಯಾತಕ್ಕೆ? ಎಲ್ಲಾ ಬರ್ತದೆ, ಅದೊಂದು ಬರಲ್ವಾ? ಓದೋವಾಗ ಜ್ಞಾನ ಎಲ್ಲಿತ್ತು? ಹೊರಗಿನೋರ ಮುಂದೆ ಮಾತು ಕೊಟ್ಟಿದೀನಿ ಈಗ. ಮತ್ತೆ ಫೇಲಾದ್ರೆ ನಾನು ತರೀಕೆರೆ ದಾರೀಲಿ ತಲೆ ಎತ್ಕೊಂಡು ಓಡಾಡೋ ಹಂಗೈತಾ?" ಗಂಟಲು ಒಣಗುವ ತನಕ ಬೈದ. ನೀರು ಕುಡಿದು ಇನ್ನೂ ಸ್ವಲ್ಪ ಬೈದ.

ಮಲ್ಲಿಕಾಂಬ ಹಿತ್ತಿಲಿಗೆ ಹೋಗಿ ನುಗ್ಗೆಮರದ ಬುಡದಲ್ಲಿ ಕೂತು, ಫಲಿತಾಂಶ ಬಂದ ದಿನದಿಂದ ಎದೆಯಲ್ಲಿ ಕಟ್ಟಿಕೊಂಡಿದ್ದ ಅಳುವನ್ನೆಲ್ಲ ಅತ್ತಳು. ಅತ್ತು ಎದ್ದಾಗ ಹಸಿವಾಗಿತ್ತು. ಮಿಕ್ಕಿದ್ದ ಉಪ್ಪಿಟ್ಟನ್ನು ಬಾಣಲೆಯಿಂದಲೇ ಬಳಿದು ತಿಂದಳು.

ಕೆಮಿಸ್ಟ್ರಿ ಹೇಳಿಕೊಡಲು ಹೈಸ್ಕೂಲಿನ ಸೈನ್ಸ್ ಮೇಷ್ಟ್ರು ಹೊನ್ನಯ್ಯನವರು ಒಪ್ಪಿದರು. ಸಂಜೆ ಅವರ ಮನೆಯ ಜಗಲಿಯಲ್ಲಿ ಪಾಠ. ವಯಸ್ಸಿಗೆ ಬಂದ ಹುಡುಗಿ ಒಬ್ಬಳೇ ಹೋಗುವುದು ಬೇಡ ಎಂದು ಅಜ್ಜಿ ಜೊತೆಗೆ ಹೊರಟಳು. ಎಲೆಅಡಿಕೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಮೊಮ್ಮಗಳ ಪಕ್ಕದಲ್ಲೇ ಕೂತಳು.

ಮೊದಲ ದಿನ ಮೇಷ್ಟ್ರು ಒಂದು ಪಾಠದ ಹೆಸರು ಹೇಳಿ, ಗೊತ್ತಿದ್ದಷ್ಟು ಹೇಳು ಎಂದರು. ಮಲ್ಲಿಕಾಂಬ ಪುಸ್ತಕದ ಒಂದೂವರೆ ಪುಟವನ್ನು ಇಂಗ್ಲಿಷಿನಲ್ಲಿ ಉಸಿರು ಬಿಡದೆ ಒಪ್ಪಿಸಿದಳು. ಅಜ್ಜಿಗೆ ಹೆಮ್ಮೆಯಾಯಿತು.

"ಈಗ ಅದರ ಅರ್ಥ ಹೇಳಮ್ಮ," ಎಂದರು ಮೇಷ್ಟ್ರು.

ಮಲ್ಲಿಕಾಂಬ ತಲೆ ತಗ್ಗಿಸಿದಳು.

"ಕ್ಲಾಸಲ್ಲಿ ಅರ್ಥವಾಗದಿದ್ದಾಗ ಕೇಳ್ತಿರಲಿಲ್ವಾ?"

"ಒಂದು ಸಲ ಕೇಳಿದ್ದೆ ಸಾರ್. ಹಿಂದಿನ ಬೆಂಚಿನ ಹುಡುಗರು ಕಾಲು ಬಡಿದು ಕೂಗಿದ್ರು. ಇದ್ದದ್ದು ಮೂರೇ ಜನ ಹುಡುಗೀರು. ಆಮೇಲೆ ಕೇಳಲಿಲ್ಲ."

"ಮತ್ತೆ ಏನು ಮಾಡ್ತಿದ್ದೆ?"

"ಲೆಕ್ಚರರ್ ಅರ್ಥವಾಯ್ತಾ ಅಂದಾಗೆಲ್ಲ ತಲೆ ಆಡಿಸ್ತಿದ್ದೆ."

ಹೊನ್ನಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು. "ಇಲ್ಲಿ ತಲೆ ಆಡಿಸೋ ಹಾಗಿಲ್ಲ. ತಿಳೀದಿದ್ರೆ ತಿಳೀಲಿಲ್ಲ ಅಂತ ಬಾಯಿ ಬಿಟ್ಟು ಹೇಳಬೇಕು. ಎಷ್ಟು ಸಲ ಬೇಕಾದ್ರೂ ಹೇಳು, ಬೇಜಾರಿಲ್ಲ."

ಅದು ಸುಲಭವಾಗಿರಲಿಲ್ಲ. ಮೇಷ್ಟ್ರು ಒಂದು ಸಮೀಕರಣ ಬರೆದು ತೋರಿಸಿ, ತಿಳೀತಾ ಎಂದರೆ ಅವಳ ತಲೆ ತಾನಾಗಿ ಆಡುತ್ತಿತ್ತು. ಆಗ ಅಜ್ಜಿ ಮೊಣಕೈಯಿಂದ ತಿವಿಯುತ್ತಿದ್ದಳು. "ನಿಜ ಹೇಳೇ! ನಿನ್ನ ಮುಖ ನೋಡಿದ್ರೆ ನಂಗೇ ಗೊತ್ತಾಯ್ತದೆ."

"ತಿಳೀಲಿಲ್ಲ ಸಾರ್."

ಮೇಷ್ಟ್ರು ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದರು. ಹೀಗೆ ಸುಮಾರು ದಿನ ನಡೆದ ಮೇಲೆ ಒಂದು ಸಂಜೆ, ಬಾಣದ ಗುರುತಿನ ಈಚೆ ಎಷ್ಟು ಪರಮಾಣುಗಳಿದ್ದವೋ ಆಚೆಯೂ ಅಷ್ಟೇ ಇರಬೇಕು ಎಂಬುದು ಅವಳಿಗೆ ಫಕ್ಕನೆ ಹೊಳೆಯಿತು. ಪೆನ್ಸಿಲ್ ಕಸಿದುಕೊಂಡವಳ ಹಾಗೆ ತೆಗೆದುಕೊಂಡು ತಾನೇ ಮೂರು ಸಮೀಕರಣ ಸರಿದೂಗಿಸಿ ತೋರಿಸಿದಳು. ಮೇಷ್ಟ್ರು ಮೂರಕ್ಕೂ ಸರಿ ಗುರುತು ಹಾಕಿದರು.

ದಾರಿಯಲ್ಲಿ ಬರುವಾಗ ಅಜ್ಜಿ, "ಇಷ್ಟೇನೇನೇ? ಇಷ್ಟಕ್ಕೆ ಫೇಲಾದ್ಯಾ?" ಎಂದಳು.

"ಹೂಂ ಅಜ್ಜಿ, ಇಷ್ಟಕ್ಕೆ," ಎಂದು ಮಲ್ಲಿಕಾಂಬ ನಕ್ಕಳು. ನಗು ನಿಲ್ಲಲೇ ಇಲ್ಲ. ಅಜ್ಜಿ ಅವಳ ಬೆನ್ನಿಗೊಂದು ಗುದ್ದಿ ತಾನೂ ನಕ್ಕಳು.

ಮನೆಯಲ್ಲಿ ಮಾತ್ರ ಕರಿಬಸಮ್ಮನ ಮುಖ ಬಿಗಿದುಕೊಂಡೇ ಇತ್ತು. ಮಗಳು ಪಾಠಕ್ಕೆ ಹೋದ ಹೊತ್ತಿನಲ್ಲಿ ಸಂಜೆಯ ಕೆಲಸವೆಲ್ಲ ಅವಳ ತಲೆಯ ಮೇಲೆ ಬೀಳುತ್ತಿತ್ತು. ಹಸುವಿನ ಹಾಲು ಕರೆಯಬೇಕು, ಜೋಳ ಹಸನು ಮಾಡಬೇಕು, ಅಂಗಡಿಯ ಆಳುಗಳಿಗೆ ಬುತ್ತಿ ಕಳಿಸಬೇಕು. "ಅವ್ವಾ, ನಾನು ಮಾಡ್ತೀನಿ," ಎಂದರೆ, "ಬ್ಯಾಡ ತಾಯೀ, ಮೇಡಮ್ಮನೋರಿಗೆ ಓದಾದೈತೆ," ಎನ್ನುತ್ತಿದ್ದಳು. ಸುಮ್ಮನಿದ್ದರೆ, "ಕಣ್ಣಿಗೆ ಕೆಲಸ ಕಾಣಲ್ಲ," ಎನ್ನುತ್ತಿದ್ದಳು.

ಶ್ರಾವಣ ಕಳೆಯುತ್ತ ಬಂದಿತ್ತು. ಒಂದು ಬೆಳಿಗ್ಗೆ ಮಲ್ಲಿಕಾಂಬ ರೊಟ್ಟಿ ಬೇಯಿಸುತ್ತ ಒಲೆಯ ಪಕ್ಕದ ಡಬ್ಬಿಗೆ ಪುಸ್ತಕ ಒರಗಿಸಿಕೊಂಡು ಓದುತ್ತಿದ್ದಳು. ಒಂದು ರೊಟ್ಟಿ ಸೀದಿತು. ಅದನ್ನು ತೆಗೆಯುವ ಅವಸರದಲ್ಲಿ ಇನ್ನೊಂದು ಹರಿಯಿತು, ಹಿಟ್ಟಿನ ಕೈ ಪುಸ್ತಕದ ಮೇಲೆ ಬಿತ್ತು. ಕರಿಬಸಮ್ಮ ಹಿಂದೆ ನಿಂತು ನೋಡುತ್ತಿದ್ದವಳು ಬಂದು ಅವಳ ಕೈಯಿಂದ ರೊಟ್ಟಿ ಮಗುಚುವ ಕೋಲು ಕಿತ್ತುಕೊಂಡಳು.

"ಏಳು."

"ಮಾಡ್ತೀನವ್ವಾ, ಇನ್ನ ಸೀಯಿಸಲ್ಲ."

"ಏಳೇ ಅಂದ್ರೆ. ಅದೂ ಕೆಡಿಸಿ ಇದೂ ಕೆಡಿಸಬ್ಯಾಡ. ಒಂದಾದ್ರೂ ನೆಟ್ಟಗೆ ಮಾಡು." ಪುಸ್ತಕದ ಹಿಟ್ಟನ್ನು ಸೆರಗಿನಿಂದ ಒರೆಸಿ ಕೈಗೆ ಕೊಟ್ಟಳು. "ಪರೀಕ್ಷೆ ಮುಗಿಯೋ ತನಕ ಒಲೆ ಮುಂದೆ ಬರಬ್ಯಾಡ. ಬಂದ್ರೆ ನೋಡು."

"ಇನ್ನೂ ಸಿಟ್ಟಾ ಅವ್ವಾ?"

"ಸಿಟ್ಟೇ. ಆ ಹುಡುಗ ಎಷ್ಟು ಮೆತ್ತಗಿದ್ದ," ಎಂದಳು ಕರಿಬಸಮ್ಮ. "ಹೋಗು, ಓದ್ಕೋ."

ಗೌರಿ ಹಬ್ಬ ಕಳೆದ ಮೇಲೆ ಪರೀಕ್ಷೆ. ಶಿವಮೂರ್ತಪ್ಪ ತಾನೇ ಮಗಳನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೊರಟ. ಬೀರೂರಿನಲ್ಲಿ ಗಾಡಿ ಬದಲಿಸಿದರು. ತರೀಕೆರೆ ಸ್ಟೇಷನ್ನಿನಲ್ಲಿ ಗಾಡಿ ನಿಂತಾಗ ಶಿವಮೂರ್ತಪ್ಪ ಕಿಟಕಿಗೆ ಬೆನ್ನು ಮಾಡಿ ಕೂತ. ಆದರೂ ಪ್ಲಾಟ್‌ಫಾರಮ್ಮಿನಿಂದ, "ಏನ್ರೀ ಶಿವಮೂರ್ತಪ್ಪನೋರೇ!" ಎಂಬ ದೊಡ್ಡ ಗಂಟಲು ಕೇಳಿಸಿತು. ಷಣ್ಮುಖಪ್ಪನವರು ಯಾರನ್ನೋ ಗಾಡಿ ಹತ್ತಿಸಲು ಬಂದಿದ್ದರು. ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ.

"ಎಲ್ಲಿಗೆ ಪಯಣ?"

"ಶಿವಮೊಗ್ಗಕ್ಕೆ. ಹುಡುಗಿ ಪರೀಕ್ಷೆ," ಎಂದ ಶಿವಮೂರ್ತಪ್ಪ, ಜಗಳಕ್ಕೆ ತಯಾರಾದವನ ಹಾಗೆ.

"ಓಹೋ, ಹೇಳಿದಂಗೇ ಕಟ್ಟಿಸ್ತಾ ಇದೀರಿ!" ಷಣ್ಮುಖಪ್ಪನವರು ಕಿಟಕಿಯ ಸರಳು ಹಿಡಿದು ಬಗ್ಗಿ ನೋಡಿದರು. "ಚೆನ್ನಾಗಿ ಬರೀವ್ವಾ. ನಮ್ಮ ಹುಡುಗನಿಗೂ ಶಿವನಿ ಕಡೆ ಹೆಣ್ಣು ಗೊತ್ತಾಯ್ತು ಕಣ್ರೀ. ಕಾರ್ತಿಕದಲ್ಲಿ ಮದುವೆ. ಎಲ್ರೂ ಬರ್ಬೇಕು."

"ಬತ್ತೀವಿ, ಬತ್ತೀವಿ. ಬರ್ದೆ ಇರ್ತೀವಾ?" ಶಿವಮೂರ್ತಪ್ಪನ ದನಿ ಒಮ್ಮೆಲೇ ಸಡಿಲಾಯಿತು. ಗಾಡಿ ಹೊರಟಿತು. ಬುತ್ತಿಯ ಗಂಟು ಬಿಚ್ಚಿ ಮಗಳಿಗೆ ರೊಟ್ಟಿ ಕೊಟ್ಟ, ತಾನೂ ತಿಂದ. ಎಷ್ಟೋ ದಿನದ ಮೇಲೆ ಆರಾಮವಾಗಿ ಕಾಲು ಚಾಚಿ ಕೂತ.

ಪರೀಕ್ಷೆ ಮುಗಿಸಿ ಮಲ್ಲಿಕಾಂಬ ಹೊರಗೆ ಬಂದಾಗ ಅವನು ಕಾಲೇಜಿನ ಗೇಟಿನ ಹತ್ತಿರ ಮರದ ನೆರಳಲ್ಲಿ ಟವಲ್ ಹಾಸಿ ಕೂತಿದ್ದ. ತಟ್ಟನೆ ಎದ್ದು ನಿಂತ.

"ಹೆಂಗಾಯ್ತು?"

"ಒಂದು ಪ್ರಶ್ನೆ ತಿಳೀಲಿಲ್ಲ ಅಪ್ಪಾಜಿ. ಬಿಟ್ಟುಬಿಟ್ಟೆ. ಮಿಕ್ಕಿದ್ದೆಲ್ಲ ತಿಳಿದು ಬರ್ದೆ."

"ಬಿಟ್ರೆ ಏನಾಯ್ತದೆ?"

"ಅಷ್ಟು ಮಾರ್ಕ್ಸ್ ಹೋಯ್ತದೆ, ಅಷ್ಟೇ."

ಅವಳ ದನಿಯಲ್ಲಿ ಹೆದರಿಕೆ ಇಲ್ಲದ್ದನ್ನು ಕಂಡು ಅವನಿಗೆ ಹೆದರಿಕೆಯಾಯಿತು. ವಾಪಸು ಬರುವಾಗ ಗಾಡಿಯಲ್ಲಿ ಅವಳು ಹಾಯಾಗಿ ನಿದ್ದೆ ಮಾಡಿದಳು. ಅವನು ಅಜ್ಜಂಪುರದ ತನಕ ಎಚ್ಚರವಾಗಿದ್ದ.

ದೀಪಾವಳಿ ಕಳೆಯಿತು. ಗಡಿಯಲ್ಲಿ ಚೀನಾದ ಜೊತೆ ಯುದ್ಧ ನಡೆದಿತ್ತು. ಪೇಟೆಯಲ್ಲಿ ಪೇಪರು ಬಂದೊಡನೆ ಹತ್ತು ಜನ ಮುತ್ತಿಕೊಳ್ಳುತ್ತಿದ್ದರು. ಮೊದಲ ಪುಟ ಓದಿಸಿಕೊಂಡು ಕೇಳಿ ಅವರೆಲ್ಲ ಚದುರಿದ ಮೇಲೆ ಶಿವಮೂರ್ತಪ್ಪ ಒಳಗಿನ ಪುಟಗಳನ್ನು ತಿರುವಿಹಾಕುತ್ತಿದ್ದ. ಇಂಗ್ಲಿಷ್ ಬರುತ್ತಿರಲಿಲ್ಲವಾದರೂ ಅಂಕಿ ಬರುತ್ತಿತ್ತು.

ನವೆಂಬರಿನ ಒಂದು ಮಧ್ಯಾಹ್ನ ಅವನು ಮನೆಗೆ ಬಂದು, ಕೈಕಾಲು ತೊಳೆದು, ಮಾತಿಲ್ಲದೆ ಊಟಕ್ಕೆ ಕೂತ. ಮೂರು ರೊಟ್ಟಿ ತಿಂದ. ಅನ್ನಕ್ಕೆ ಮಜ್ಜಿಗೆ ಹಾಕಿಸಿಕೊಂಡು ಅದನ್ನೂ ಮುಗಿಸಿದ. ಕೈ ತೊಳೆದುಕೊಂಡು ಬಂದು, "ನಂಬರ್ ಬಂದೈತೆ," ಎಂದ.

"ಯಾವುದು?" ಎಂದಳು ಕರಿಬಸಮ್ಮ. ಆಮೇಲೆ ಅವಳಿಗೆ ತಿಳಿಯಿತು. "ಅಯ್ಯೋ ಶಿವನೇ! ಬಂದ ತಕ್ಷಣ ಹೇಳಾಕೇನಾಗಿತ್ತು ನಿಮಗೆ? ಮೂರು ರೊಟ್ಟಿ ತಿನ್ನೋ ತನಕ ಬಾಯಿ ಮುಚ್ಕೊಂಡು ಕೂತಿದ್ರಲ್ಲಾ!"

"ಹೇಳಿದ್ರೆ ನೀವು ಊಟಕ್ಕೆ ಎಲ್ಲಿ ಇಡ್ತಿದ್ರಿ?" ಎಂದು ಅವನು ನಕ್ಕ. ನಗುತ್ತಲೇ ಕಣ್ಣು ಒರೆಸಿಕೊಂಡ.

ಮಲ್ಲಿಕಾಂಬ ಪೇಪರು ತೆಗೆದುಕೊಂಡು ನೋಡಿದಳು. ಸಣ್ಣ ಅಕ್ಷರಗಳ ಸಾಲಿನಲ್ಲಿ ಅವಳ ನಂಬರಿತ್ತು. ಬೆರಳಿಟ್ಟು ಇನ್ನೊಮ್ಮೆ ನೋಡಿದಳು. ಪೇಪರು ಹಿಡಿದುಕೊಂಡೇ ಹೊಸ್ತಿಲ ಮೇಲೆ ಕೂತಳು. ಅವ್ವ ಬಂದು ಅವಳ ತಲೆ ಸವರಿ, ಸಕ್ಕರೆ ಡಬ್ಬಿ ತರಲು ಒಳಗೆ ಹೋದಳು.

ಸಕ್ಕರೆ ಬಾಯಲ್ಲಿರುವಾಗಲೇ ಜಗಳ ಶುರುವಾಯಿತು.

"ಬಿ.ಎಸ್ಸಿ.ಗೆ ಹಾಕೋಣ," ಎಂದ ಶಿವಮೂರ್ತಪ್ಪ. "ಅಲ್ಲೇ ಶಿವಮೊಗ್ಗದಲ್ಲಿ."

"ಶಿವಮೊಗ್ಗ ಬ್ಯಾಡ. ದಾವಣಗೆರೇಲಿ ನಮ್ಮಕ್ಕ ಇಲ್ವಾ? ಅವಳ ಕಣ್ಮುಂದೆ ಇರ್ಲಿ," ಎಂದಳು ಕರಿಬಸಮ್ಮ.

"ಡಾಕ್ಟ್ರಿಕೆ ಓದ್ಸಪ್ಪಾ. ನನ್ನ ಮಂಡಿ ನೋವಿಗೆ ಒಂದು ದಾರಿ ಆಯ್ತದೆ," ಎಂದಳು ಗುರುಶಾಂತಮ್ಮ.

"ದಾವಣಗೆರೆಗೆ ಯಾರು ಕಳಿಸ್ತಾರೆ?"

"ಯಾಕೆ ಕಳಿಸಲ್ಲ? ನಮ್ಮಕ್ಕನ ಮನೆ ಏನು ಮನೆ ಅಲ್ವಾ?"

ಮೂವರೂ ಒಬ್ಬರ ಮೇಲೊಬ್ಬರು ಮಾತಾಡುತ್ತಿದ್ದರು. ಮದುವೆಯ ಮಾತು ಯಾರ ಬಾಯಿಂದಲೂ ಬರಲಿಲ್ಲ. ಮಲ್ಲಿಕಾಂಬ ಪೇಪರನ್ನು ಮಡಿಸಿ ಪಕ್ಕಕ್ಕಿಟ್ಟಳು. ಆಮೇಲೆ, "ನಂಗೆ ಕೆಮಿಸ್ಟ್ರಿ ಬೇಡ," ಎಂದಳು.

ಮೂವರೂ ಅವಳ ಕಡೆ ತಿರುಗಿದರು.

"ಬಿ.ಎಸ್ಸಿ.ನೂ ಬೇಡ. ಅಣ್ಣ ಓದಿದ್ದಕ್ಕಿಂತ ಹೆಚ್ಚಿನದು ಅಂತ ಎಲ್ರೂ ಹೇಳಿದ್ದಕ್ಕೆ ಸೈನ್ಸ್ ತಗೊಂಡಿದ್ದೆ. ಈಗ ಬಿ.ಎ.ಗೆ ಹೋಗಿ ಚರಿತ್ರೆ ಓದ್ತೀನಿ."

"ಮತ್ತೆ ಇಷ್ಟು ತಿಂಗಳು ಆ ಕೆಮಿಸ್ಟ್ರಿಗೆ ಒದ್ದಾಡಿದ್ದು?" ಶಿವಮೂರ್ತಪ್ಪ ಕೇಳಿದ.

"ಫೇಲಾಗಿ ಬಿಡೋದು ಬೇರೆ ಅಪ್ಪಾಜಿ, ಪಾಸಾಗಿ ಬಿಡೋದು ಬೇರೆ."

ಶಿವಮೂರ್ತಪ್ಪ ಹೆಂಡತಿಯ ಮುಖ ನೋಡಿದ. ಕರಿಬಸಮ್ಮ ಅತ್ತೆಯ ಮುಖ ನೋಡಿದಳು. ಗುರುಶಾಂತಮ್ಮ ಬಾಯಲ್ಲಿದ್ದ ಸಕ್ಕರೆಯನ್ನು ಕರಗಿಸಿಕೊಂಡು, "ಚರಿತ್ರೆ ಅಂದ್ರೆ ಏನೇ?" ಎಂದು ಕೇಳಿದಳು.

"ಹಿಂದಿನ ಕಾಲದೋರ ಕಥೆ ಅಜ್ಜಿ. ರಾಜರು, ಯುದ್ಧ, ಕೋಟೆ."

"ಅದಾದ್ರೆ ಸರಿ," ಎಂದಳು ಗುರುಶಾಂತಮ್ಮ. "ಪಕ್ಕದಲ್ಲಿ ಕೂತ್ಕೊಂಡು ಕೇಳೋರಿಗೂ ಬೇಜಾರಾಗಲ್ಲ."

ಶಿವಮೂರ್ತಪ್ಪ ಜೋರಾಗಿ ನಕ್ಕ. ಅಂಗಡಿಯಲ್ಲಿ ಯಾರನ್ನೂ ಕೂರಿಸದೆ ಬಂದಿದ್ದು ಆಗ ನೆನಪಾಗಿ, ಚಪ್ಪಲಿ ಮೆಟ್ಟಿಕೊಂಡು ಪೇಟೆಯ ಕಡೆ ಬಿರಬಿರನೆ ನಡೆದ.